ಬಾಲ ಮಾತ್ರ ನಮ್ಮದು

ಭಾನುವಾರ ಬೆಳಿಗ್ಗೆ ಶಿವಪ್ರಕಾಶ್ ಮಾವ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಹಾಕಿದರು. ಹುಲಿಯ ಮೇಲೆ ಕುಳಿತ ಮಾದಪ್ಪ. ಹಿಂದೆ ಸಾಲು ಸಾಲು ಬೆಟ್ಟ, ಹುಲಿಯ ಮೈಯಿಂದ ಹೊರಟ ಹೊಂಬಣ್ಣದ ಬೆಳಕು, ಕೆಳಗೆ ಮಿನುಗುವ ಅಕ್ಷರಗಳಲ್ಲಿ ‘ಉಘೇ ಮಾದಪ್ಪ’. ಇಂಥ ಚಿತ್ರಗಳು ನಮ್ಮ ಗುಂಪಿಗೆ ದಿನಕ್ಕೆ ನಾಲ್ಕಾದರೂ ಬರುತ್ತವೆ. ಕೈಮುಗಿಯುವ ಗುರುತು ಒತ್ತಿ ಮುಂದೆ ಹೋಗುವವಳಿದ್ದೆ. ಆಗ ಬಾಲ ಕಣ್ಣಿಗೆ ಬಿತ್ತು.

ಹುಲಿಯ ಬಾಲವನ್ನು ಎಲ್ಲರೂ ಮೇಲಕ್ಕೆತ್ತಿ ಬರೆಯುತ್ತಾರೆ. ಈ ಬಾಲ ಹಿಂಗಾಲುಗಳ ನಡುವಿನಿಂದ ಮುಂದಕ್ಕೆ ಬಂದು, ಹೊಟ್ಟೆಯ ಕೆಳಗೆ ಒಂದು ಸುತ್ತು ಸುತ್ತಿ, ತುದಿಯಲ್ಲಿ ಮೂರು ಎಳೆಯಾಗಿ ಒಡೆದಿತ್ತು. ಒಲೆಯ ಪಕ್ಕ ಮಲಗಿದ ಬೆಕ್ಕಿನ ಬಾಲದ ಹಾಗೆ. ಅಂಥ ಬಾಲ ಬರೆದವರು ಇಡೀ ಕೊಳ್ಳೇಗಾಲದಲ್ಲಿ ಒಬ್ಬರೇ. ರೇಷ್ಮೆ ಸೀರೆ ನೇಯುತ್ತಿದ್ದ ಮುದ್ದಯ್ಯ, ನನ್ನ ಅಪ್ಪ.

ಮಾವ ಚಿತ್ರದ ಜೊತೆಗೆ ಒಂದು ಪ್ರಮಾಣಪತ್ರವನ್ನೂ ಹಾಕಿದ್ದರು. ‘ಈ ಡಿಜಿಟಲ್ ಕಲಾಕೃತಿಯ ನೂರೊಂದು ಮಾಲೀಕರಲ್ಲಿ ಮೂವತ್ತೇಳನೆಯವರು: ಶಿವಪ್ರಕಾಶ್. ರಚನೆ: ಶಾಂತಮೂರ್ತಿ, ಹನೂರು.’ ಚಿತ್ರವನ್ನು ಯಾರು ಬೇಕಾದರೂ ನೋಡಬಹುದು, ಯಾರಿಗೆ ಬೇಕಾದರೂ ಕಳಿಸಬಹುದು. ಆದರೆ ಮಾಲೀಕರ ಪಟ್ಟಿಯಲ್ಲಿ ಹೆಸರಿರುವುದು ಅದನ್ನು ಕೊಂಡ ನೂರೊಂದು ಜನರದು ಮಾತ್ರ. ಅದರ ಕೆಳಗೆ ಮಾವನ ದನಿ: “ನೋಡ್ರಪ್ಪಾ, ನಾನು ಮಾದಪ್ಪನ ಮಾಲೀಕ ಆಗ್ಬುಟ್ಟೆ!” ಅದರ ಕೆಳಗೆ ಅತ್ತೆಯ ದನಿ: “ಮಾದಪ್ಪನ್ಗೇ ಮಾಲೀಕ್ನಾ? ಮೊದ್ಲು ಕೆನ್ನೆ ಬಡ್ಕಳಿ. ಮನೆ ಗ್ಯಾಸೇ ನನ್ನೆಸ್ರಲ್ಲಿ ಅದೆ, ಬಂದ್ಬುಟ್ರು ಮಾಲೀಕ್ರು.”

ನನಗೆ ನಗು ಬರಲಿಲ್ಲ. ಅಪ್ಪನ ಫೋನು ಎಲ್ಲಿದೆ ಎಂದು ಹುಡುಕಿದೆ. ಜಗಲಿಯ ಕಿಟಕಿಯಲ್ಲಿತ್ತು. “ಚಾರ್ಜು ಕಮ್ಮಿ ಇದೆ ಅಪ್ಪ, ಹಾಕ್ತೀನಿ” ಎಂದು ಎತ್ತಿಕೊಂಡು ಒಳಗೆ ಹೋಗಿ, ಆ ಚಿತ್ರವನ್ನು ಅಳಿಸಿದೆ. ಬೇರೆ ಎರಡು ಗುಂಪಿನಿಂದಲೂ ಅದೇ ಚಿತ್ರ ಬಂದಿತ್ತು. ಅವನ್ನೂ ಅಳಿಸಿದೆ.

ಯಾಕೆ ಇಷ್ಟು ಹೆದರಿದೆ ಎಂದು ಹೇಳಬೇಕಾದರೆ ಟ್ರಂಕಿನ ವಿಷಯ ಹೇಳಬೇಕು.

ಕೈ ನಡುಗಲು ಶುರುವಾಗಿ ಅಪ್ಪ ಮಗ್ಗ ನಿಲ್ಲಿಸಿ ಆರು ವರ್ಷವಾಯಿತು. ಅವರ ಡಿಸೈನುಗಳೆಲ್ಲ ಒಂದು ತಗಡಿನ ಟ್ರಂಕಿನಲ್ಲಿವೆ. ಮೂವತ್ತೊಂದು ದೊಡ್ಡ ಗ್ರಾಫ್ ಹಾಳೆಗಳು. ಒಂದೊಂದು ಚೌಕಕ್ಕೆ ಒಂದೊಂದು ಎಳೆ. ನನ್ನ ಮನೆ ಎರಡು ಬೀದಿಯಾಚೆ ಇದ್ದರೂ ನನ್ನ ಕಂಪ್ಯೂಟರ್ ಇರುವುದು ಅಪ್ಪನ ಮನೆಯ ಮುಂದಿನ ಕೋಣೆಯಲ್ಲಿ. ನೇಕಾರರ ಹಳೆಯ ಡಿಸೈನುಗಳನ್ನು ಮಗ್ಗಕ್ಕೆ ಹೊಂದುವ ಹಾಗೆ ಕಂಪ್ಯೂಟರಿಗೆ ಇಳಿಸಿಕೊಡುವುದು ನನ್ನ ಕೆಲಸ. ಊರಿನವರ ಹಾಳೆಗಳನ್ನೆಲ್ಲ ಉಳಿಸಿದ್ದೇನೆ. ಅಪ್ಪನ ಟ್ರಂಕಿನಲ್ಲಿ ಹುಳ ಬಿದ್ದಿದೆ. ಮುಚ್ಚಳ ತೆಗೆದಾಗಲೆಲ್ಲ ತಳದಲ್ಲಿ ಕಾಗದದ ಪುಡಿ ಕಾಣುತ್ತದೆ. ಎಷ್ಟು ಕೇಳಿದರೂ ಅಪ್ಪ ಕೊಟ್ಟಿರಲಿಲ್ಲ.

ಎರಡು ವರ್ಷದ ಹಿಂದೆ ಒಂದೇ ಒಂದು ಹಾಳೆ ಕೊಟ್ಟರು. ಹುಲಿ. “ಇದ ಮಾಡು ನೋಡುವ. ಆದ್ರೆ ಮನೆ ಬುಟ್ಟು ಓಗ್ಬಾರ್ದು. ಇದು ನೆಟ್ಗಾದ್ರೆ ಮಿಕ್ಕಿದ್ದು.” ಪರೀಕ್ಷೆ ಎಂದು ನನಗೆ ಗೊತ್ತಿತ್ತು.

ಅಪ್ಪನ ಹುಲಿಯ ಮೇಲೆ ಯಾರೂ ಕೂತಿಲ್ಲ. ಸೀರೆಯನ್ನು ಜನ ಉಡುತ್ತಾರೆ, ಅದರ ಮೇಲೆ ಕೂರುತ್ತಾರೆ, ಒಗೆಯುವ ಕಲ್ಲಿನ ಮೇಲೆ ಹಾಕುತ್ತಾರೆ. ಅಲ್ಲಿ ಮಾದಪ್ಪನನ್ನು ಕೂರಿಸುವ ಹಾಗಿಲ್ಲ. ಅದಕ್ಕೇ ಕೊರಳಿಗೆ ಗಂಟೆ ಕಟ್ಟಿದ ಬರಿಯ ಹುಲಿ. ನಮ್ಮ ನೇಕಾರರಲ್ಲಿ ಒಬ್ಬರ ಡಿಸೈನು ಇನ್ನೊಬ್ಬರಿಗೆ ಬೇಕೆಂದರೆ ಎಲೆ ಅಡಿಕೆ ತಂದು ಕೇಳಬೇಕು. ಕೇಳಿದವರಿಗೆ ಇಲ್ಲವೆನ್ನಬಾರದು. ತೆಗೆದುಕೊಂಡು ಹೋದವರು ಅದರಲ್ಲಿ ಒಂದು ಕಡೆ ತಮ್ಮ ಗುರುತು ಹಾಕಬೇಕು, ಹೂವಿಗೆ ಒಂದು ಎಸಳು ಹೆಚ್ಚು, ಹಕ್ಕಿಗೆ ಬೇರೆ ಕೊಕ್ಕು. ನೋಡಿದ ಕೂಡಲೇ ಯಾರ ಮನೆಯ ಕೈ ಎಂದು ತಿಳಿಯಬೇಕು. ಹುಲಿಗೆ ಅಪ್ಪನ ಗುರುತು ಆ ಬಾಲ.

ಆ ಹುಲಿ ಈಗ ನೂರೊಂದು ಮಾಲೀಕರ ಜೊತೆ ಊರೂರು ತಿರುಗುತ್ತಿತ್ತು. ಅಪ್ಪನಿಗೆ ತಿಳಿದರೆ ಟ್ರಂಕು ಇನ್ನು ತೆರೆಯುವುದಿಲ್ಲ. ಹುಳ ಕಾಯುವುದೂ ಇಲ್ಲ.

ಸೋಮವಾರ ಹನೂರಿನ ಬಸ್ಸು ಹತ್ತಿದೆ. ಮಧುವನಹಳ್ಳಿ ದಾಟುವಷ್ಟರಲ್ಲಿ ಆ ಶಾಂತಮೂರ್ತಿಗೆ ಹೇಳಬೇಕಾದ ಮೂರು ವಾಕ್ಯಗಳನ್ನು ಮನಸ್ಸಿನಲ್ಲೇ ಬರೆದು, ತಿದ್ದಿ, ಮತ್ತೆ ಬರೆದೆ. ‘ಕದ್ದಿರಿ’ ಎಂಬ ಮಾತನ್ನು ಮೂರರಿಂದಲೂ ತೆಗೆದುಹಾಕಿದೆ. ತಿಳಿಯದೆ ಆ ಮಾತು ಆಡಬಾರದು.

ಹನೂರಿನಲ್ಲಿ ಅವನದು ಫ್ಲೆಕ್ಸು, ಆಟೋ ಸ್ಟಿಕ್ಕರು ಮಾಡುವ ಒಂದು ಮಳಿಗೆ. ಒಳಗೆ ಇಪ್ಪತ್ತೆಂಟರ ಸುಮಾರಿನ ಹುಡುಗ, ಹಣೆಯ ತುಂಬ ವಿಭೂತಿ.

“ಚಪ್ಲಿ ಅಲ್ಲೇ ಬುಡಿ ಅಕ್ಕ,” ಎಂದ. “ಒಳ್ಗೆ ಮಾದಪ್ಪ ಅವ್ನೆ.”

ಗೋಡೆಯಲ್ಲಿ ಪಟ ಇರಬೇಕೆಂದು ನೋಡಿದೆ. ಇರಲಿಲ್ಲ. ಅವನು ಹೇಳಿದ್ದು ಕಂಪ್ಯೂಟರನ್ನು. ಪರದೆಯ ಮೇಲೆ ಅರ್ಧ ಬರೆದ ಇನ್ನೊಂದು ಮಾದಪ್ಪನ ಚಿತ್ರವಿತ್ತು, ಕಣ್ಣಿನ ಜಾಗ ಮಾತ್ರ ಖಾಲಿ.

“ಕಣ್ಣು ಇನ್ನೂ ಬರೆದಿಲ್ಲವಾ?”

“ಸೋಮಾರ ಸ್ನಾನ ಮಾಡ್ಕಂಡೇ ಕಣ್ಣು ಬರಿಯೋದು ಅಕ್ಕ. ಇವತ್ತು ಕರೆಂಟು ಬತ್ತಾ ಓಯ್ತಾ ಅದೆ, ಅದ್ಕೆ ಕಾಯ್ತಾ ಕುಂತಿವ್ನಿ. ಕಣ್ಣು ಅರ್ಧ ಆಗಿ ಕರೆಂಟು ಓಗ್ಬುಟ್ರೆ ಏನ್ ಮಾಡೋದು, ಏಳಿ.”

ನಾನು ಸಿದ್ಧಮಾಡಿಕೊಂಡು ಬಂದ ಮೂರು ವಾಕ್ಯಗಳೂ ಇವನಿಗೆ ಹೊಂದುವ ಹಾಗೆ ಕಾಣಲಿಲ್ಲ. ಫೋನಿನಲ್ಲಿ ಹುಲಿಯನ್ನು ತೋರಿಸಿ, “ಈ ಹುಲಿ ನಿಮಗೆ ಎಲ್ಲಿ ಸಿಕ್ಕಿತು?” ಎಂದಷ್ಟೇ ಕೇಳಿದೆ.

ಅವನ ಮುಖ ಅರಳಿತು. “ಅದಾ! ಮಾದಪ್ಪನ್ನ ನಾನೇ ಬರ್ದೆ. ಉಲಿ ನಂದಲ್ಲ.” ಒಂದು ವೆಬ್‌ಸೈಟು ತೆರೆದ. ಹಳೆಯ ಚಿತ್ರಗಳ ಕಲೆ ತೆಗೆದು ಗೆರೆಗಳನ್ನು ಶುದ್ಧಮಾಡಿಕೊಡುವ ಜಾಗ. ಅಲ್ಲಿನ ಸಾವಿರಾರು ಚಿತ್ರಗಳ ನಡುವೆ ನಮ್ಮ ಹುಲಿ ನಿಂತಿತ್ತು, ಬರಿಯ ಬೆನ್ನು, ಕೊರಳಲ್ಲಿ ಗಂಟೆ. “ನೋಡಿ, ಯಾರೋ ರೋಜಾ ಅಂತೆ. ಯಾರು ಬೇಕಾದ್ರೂ ಬಳಸ್ಕಳಿ ಅಂತ ಫ್ರೀಯಾಗಿ ಕೊಟ್ಬುಟ್ಟವ್ಳೆ ಪುಣ್ಯಾತ್ಗಿತ್ತಿ. ಗೆರೆ ನೋಡಿ ಅಕ್ಕ, ಎಂಗದೆ! ದೀಪ ಅಚ್ಚೋವಾಗ ಅವ್ಳೆಸ್ರೂ ನೆನೀತೀನಿ.”

ಆ ಹಾಳೆ ಇಳಿಸಿದ ದಿನ ನೆನಪಿಗೆ ಬಂತು. ಅಪ್ಪನ ಹಾಳೆಯ ಮೇಲೆ ಎಣ್ಣೆ ಕಲೆ ಇತ್ತು. ಎಷ್ಟು ಸ್ಕ್ಯಾನ್ ಮಾಡಿದರೂ ಪಟ್ಟೆಗಳು ಮಸುಕು. ಈ ಸೈಟಿನಲ್ಲಿ ಹಾಕಿದರೆ ತೊಳೆದ ಹಾಗೆ ಬರುತ್ತದೆ ಎಂದು ಯಾರೋ ಹೇಳಿದ್ದರು. ಅಷ್ಟರಲ್ಲಿ ಕರೆಂಟು ಹೋಗಿ ಯುಪಿಎಸ್ ಕೂಗಲು ಹಿಡಿಯಿತು. ಕೆಳಗಡೆ ಸಣ್ಣ ಅಕ್ಷರದ ಒಂದು ಪುಟ, ಅದರ ತುದಿಯಲ್ಲಿ ಒಂದು ಚೌಕ. ಸೋಪಿನ ಹೊದಿಕೆಯನ್ನೂ ಪೂರ್ತಿ ಓದುವ ನಾನು ಅಂದು ಓದದೆ ಆ ಚೌಕಕ್ಕೆ ಗುರುತು ಹಾಕಿದೆ. ಅಪ್ಪ ಕೊಟ್ಟ ಹಾಳೆಯ ಸಾವಿರಾರು ಚೌಕಗಳನ್ನು ಒಂದೂ ತಪ್ಪದೆ ಇಳಿಸಿ, ಆ ಒಂದು ಚೌಕದಲ್ಲಿ ತಪ್ಪಿದ್ದೆ.

“ಆ ರೋಜಾ ನಾನೇ,” ಎಂದೆ.

ಶಾಂತಮೂರ್ತಿ ಎದ್ದು ನಿಂತ. ಕುರ್ಚಿ ಒರೆಸಿದ. ಟೀ ತರಿಸುತ್ತೇನೆಂದು ಹೊರಟವನನ್ನು ತಡೆದು ಎಲ್ಲವನ್ನೂ ಹೇಳಿದೆ. ಹಾಳೆ, ಟ್ರಂಕು, ಎಲೆ ಅಡಿಕೆ, ಬಾಲ. ಹೇಳುತ್ತ ಹೋದ ಹಾಗೆ ಅವನ ಮುಖ ಸಣ್ಣದಾಯಿತು.

“ಅಂಗಾರೆ ನೀವು ಕೊಟ್ಟದ್ದಲ್ವಾ ಅಕ್ಕ ಅದು?”

“ಕೊಟ್ಟೆ. ಕೊಡ್ತಿದೀನಿ ಅಂತ ಗೊತ್ತಿಲ್ಲದೆ ಕೊಟ್ಟೆ.”

“ನನ್ನ ಕಡೆಯಿಂದ ತೆಗ್ದಾಕ್ತೀನಿ. ಆದ್ರೆ ಆ ನೂರೊಂದು ಜನ್ರ ಅತ್ರ ಇರೋದು ಇರ್ತದೆ. ಅವ್ರು ಮಾಲೀಕ್ರಲ್ವಾ.” ತಲೆ ಕೆರೆದುಕೊಂಡ. “ಅವ್ರು ಬಾವ್ನಿಗೆ, ಮೈದ್ನಿಗೆ ಕಳ್ಸಿರೋದೂ ಇರ್ತದೆ.” ಆಮೇಲೆ ಕೇಳಿದ: “ನಾನು ಎಲೆ ತಕಂಡು ಬಂದ್ರೆ ಅಪ್ಪಾವ್ರು ಏನಂದಾರು?”

“ಮೊದಲು ನಾನು ಹೇಳಬೇಕು,” ಎಂದೆ.

ಅವತ್ತು ಸಂಜೆಯೇ ಹೇಳಿದೆ. ಅಪ್ಪ ಜಗಲಿಯಲ್ಲಿ ಕೂತಿದ್ದರು, ಅವ್ವ ಸೊಪ್ಪು ಬಿಡಿಸುತ್ತಿದ್ದಳು. “ಅಪ್ಪಾ, ನಿಮ್ಮ ಹುಲಿ…” ಎಂದು ಶುರುಮಾಡಿದ್ದೆನಷ್ಟೆ.

“ಆ ಉಲೀನಾ?” ಎಂದಳು ಅವ್ವ. “ನೆನ್ನೆಯಿಂದ ನನ್ ಫೋನಿಗೆ ಆರು ಸತಿ ಬಂದದೆ. ನಿಮ್ಮಪ್ಪ ಬೆಳಗ್ಗಿಂದ ಅದನ್ನೇ ದೊಡ್ಡದು ಮಾಡ್ಕಂಡು ನೋಡ್ತಾ ಅವ್ರೆ.”

ಎಲ್ಲವನ್ನೂ ಕಾಯುತ್ತಿದ್ದ ನಾನು ಅವ್ವನ ಫೋನನ್ನೇ ಮರೆತಿದ್ದೆ.

ಯಾವ ಹುಲಿ, ಯಾವ ಸೈಟು, ಯಾವ ಚೌಕ, ಎಲ್ಲವನ್ನೂ ಹೇಳಿದೆ. ತಪ್ಪಾಯ್ತು ಎಂದೆ. ಅಪ್ಪ “ಆಯ್ತು” ಎಂದರು. ಆ ಒಂದು ಮಾತಿನಲ್ಲಿ ಕೋಪ ಎಷ್ಟು, ಬೇಸರ ಎಷ್ಟು ಎಂದು ತೂಗಿ ನೋಡಿದೆ. ತಿಳಿಯಲಿಲ್ಲ. ಆಮೇಲೆ ಅವ್ವನ ಫೋನು ತೆಗೆದು ಹುಲಿಯ ಬೆನ್ನನ್ನು ದೊಡ್ಡದು ಮಾಡಿದರು.

“ಇದ ನೋಡ್ದ್ಯಾ? ಮಾದಪ್ಪ ಎಲ್ಲವ್ನೆ? ಉಲಿ ಮ್ಯಾಲೆ ಕುಂತಿಲ್ಲ, ಒಂದು ಬೆರಳಷ್ಟು ಮ್ಯಾಕೆ ತೇಲ್ತಾವ್ನೆ.”

“ಕೂರಿಸಿದ್ದು ತಪ್ಪಲ್ವಾ ಅಪ್ಪ?”

“ಫೋನ ಯಾರು ಉಟ್ಕತಾರೆ? ಕೂರುಸ್ಲಿ. ಆದ್ರೆ ನನ್ನುಲಿ ಬೆನ್ನು ಯಾರೂ ಕೂರ್ದಂಗೆ ಬರ್ದದ್ದು. ಕೂರಿಸ್ಬೇಕು ಅಂದ್ರೆ ಬೆನ್ನು ತಗ್ಬೇಕು, ಪಟ್ಟೆ ಬಾಗ್ಬೇಕು. ಭಾರ ಒತ್ತ ಪ್ರಾಣಿ ಇಂಗೆ ನೆಟ್ಗೆ ನಿಂತದಾ? ಬರ್ದ ಆ ಉಡ್ಗನ್ನ ಕರ್ಸು.”

ಹೆದರಿದಷ್ಟು ಆಗಲಿಲ್ಲ ಎಂದುಕೊಂಡೆ. ಆದರೆ ಮರುದಿನ ಬೆಳಿಗ್ಗೆ, ದೇವರ ಪಟದ ಕೆಳಗಿನ ಮೊಳೆಯಲ್ಲಿ ಯಾವಾಗಲೂ ನೇತಾಡುತ್ತಿದ್ದ ಟ್ರಂಕಿನ ಬೀಗದಕೈ ಅಲ್ಲಿರಲಿಲ್ಲ. ಅಪ್ಪನ ಟವೆಲ್ಲಿನ ಮೂಲೆಯಲ್ಲಿ ಗಂಟು ಕಂಡಿತು. ಎರಡು ದಿನ ನೋಡಿದೆ. ಸ್ನಾನಕ್ಕೆ ಹೋಗುವಾಗಲೂ ಆ ಟವೆಲ್ಲು ಜೊತೆಯಲ್ಲೇ. ಮುದ್ದೆ ಅರ್ಧಕ್ಕೆ ಬಿಟ್ಟರು. ಮಧ್ಯಾಹ್ನ ಟ್ರಂಕಿನ ಮೇಲೆಯೇ ಕೂತು ಬೀದಿ ನೋಡುತ್ತಿದ್ದರು. ನನ್ನ ಕಡೆ ನೋಡಲಿಲ್ಲ. ಅವರಿಗೆ ನನ್ನ ಮೇಲೆ ನಂಬಿಕೆ ಹೋಯಿತು ಎಂದು ನಾನು ಒಳಗೊಳಗೇ ಒಪ್ಪಿಕೊಳ್ಳತೊಡಗಿದ್ದೆ.

ಗುರುವಾರ ಬೆಳಿಗ್ಗೆ ಶಾಂತಮೂರ್ತಿ ಬಂದ. ಬಿಳಿ ಶರಟು, ಹೊಸ ಸ್ಟೀಲ್ ತಟ್ಟೆ, ಅದರಲ್ಲಿ ಒಂದು ಕಟ್ಟು ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಅಪ್ಪನ ಮುಂದೆ ತಟ್ಟೆ ಹಿಡಿದ. “ಕೇಳ್ದೆ ತಕಂಡ್ಬುಟ್ಟೆ ತಾತ. ಈಗ ಕೇಳ್ತಾ ಇವ್ನಿ.”

ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡರು. “ಈ ಎಲೆ ನಾನು ಮುಟ್ಟಂಗಿಲ್ಲ ಕಣಪ್ಪಾ.”

ಎಲೆ ತಂದವರಿಗೆ ಇಲ್ಲವೆಂದದ್ದು ನಮ್ಮ ಮನೆಯಲ್ಲಿ ಅದೇ ಮೊದಲು. ಅವ್ವ ಅಡಿಗೆಮನೆಯಿಂದ ಬಂದು ನಿಂತಳು. ಶಾಂತಮೂರ್ತಿ ತಟ್ಟೆ ಕೆಳಗಿಟ್ಟು ಅಪ್ಪನ ಕಾಲಿಗೆ ಬಗ್ಗಿದ.

“ಏಳ್ಲಾ ಮ್ಯಾಕೆ,” ಎಂದರು ಅಪ್ಪ. “ತಪ್ಪು ನಿಂದೂ ಅಲ್ಲ, ಇವ್ಳದೂ ಅಲ್ಲ. ಎಲೆ ನಂಗೆ ಸೇರ್ಬೇಕಾದ್ದಲ್ಲ. ಆ ಉಲಿ ನಂದಲ್ಲ.”

ಅಪ್ಪ ನೆಲ ನೋಡಿಕೊಂಡು ಹೇಳಿದರು.

“ನಲವತ್ತು ವರ್ಷ ಆಯ್ತು. ಯಳಂದೂರಿಂದ ಬಸ್ಸಲ್ಲಿ ಬತ್ತಾ ಇದ್ದೆ. ಮುಂದಿನ ಸೀಟಲ್ಲಿ ಒಂದೆಣ್ಣುಮಗಳು ಕುಂತಿತ್ತು. ಸೆರಗು ಸೀಟಿನ ಮ್ಯಾಲಿಂದ ಇಂದ್ಕೆ ಬಿದ್ದಿತ್ತು. ಅದ್ರಲ್ಲಿ ಉಲಿ. ಅಂಥ ಉಲೀನ ನಾನು ಕಂಡೇ ಇರ್ನಿಲ್ಲ. ಬೀಡಿಕಟ್ಟಿನ ಕಾಗ್ದ ಬಿಚ್ಚಿ, ಎಳೆ ಎಣುಸ್ಕಂಡು ಬರ್ಕಂಡೆ. ತಲೆ, ಕಾಲು, ಪಟ್ಟೆ, ಗಂಟೆ, ಎಲ್ಲಾ. ಬಾಲ ಮಾತ್ರ ಕಾಣ್ನಿಲ್ಲ. ಸೆರಗಿನ ಮಡಿಕೆ ಒಳ್ಗಿತ್ತು. ಅದ್ಕೆ ಬಾಲ ನಾನೇ ಮಾಡ್ದೆ.”

“ಎರಡು ಮಕ್ಳಾದ್ಮೇಲೆ ಬಸ್ಸಲ್ಲಿ ಯಾರ್ದೋ ಸೆರಗು ನೋಡ್ಕಂಡು ಬಂದ್ರಾ?” ಎಂದಳು ಅವ್ವ.

“ಉಲಿ ನೋಡ್ದೆ ಕಣೇ.”

“ಉಲಿ ಒಂದೇ ಬಂದು ಕುಂತಿತ್ತಾ ಸೀಟಲ್ಲಿ?”

ಅಪ್ಪ ಮುಂದುವರಿಸಿದರು. “ಪುಟ್ಟಮಾದಯ್ಯನ ಕೈಲಿ ನೇದದ್ದು ಅಂತ ನೋಡ್ದೇಟ್ಗೆ ಗೊತ್ತಾಯ್ತು. ಯಳಂದೂರಲ್ಲಿ ಅಂಥ ಕೈ ಅವ್ರೊಬ್ರದೇ. ಆ ಎಣ್ಣುಮಗಳು ಅವ್ರ ಮಗ್ಳು ಅಂತ ಆಮೇಲೆ ತಿಳೀತು. ಎಲೆ ತಕಂಡು ಓಗ್ಬೇಕು ಅಂತಿದ್ದೆ. ಅವ್ರೇನಾರ ಕೊಡಲ್ಲ ಅಂದ್ಬುಟ್ರೆ ಅಂತ ಭಯ. ಮೊದ್ಲು ಒಂದು ಸೀರೆ ನೇದು ನೋಡುವ ಅಂದ್ಕಂಡೆ. ದೂರ್ದೂರಿನ ಅಂಗ್ಡೀಲಿ ಉಲಿ ಎಸ್ರು ಮಾಡ್ಬುಡ್ತು. ಆಮೇಲೆ ಕೇಳಕೆ ನಾಚ್ಕೆ. ಆಮೇಲೆ ಅವ್ರೂ ಓಗ್ಬುಟ್ರು.” ಆಗ ನನ್ನ ಕಡೆ ನೋಡಿದರು. “ಮನೆ ಬುಟ್ಟು ಓಗ್ಬಾರ್ದು ಅಂತ ನಿಂಗೆ ಯಾಕೆ ಏಳ್ದೆ? ಕಳ್ರು ಬತ್ತಾರೆ ಅಂತಲ್ಲ ಕಣವ್ವ. ಯಳಂದೂರಿನವ್ರು ಯಾರಾರ ನೋಡ್ಬುಟ್ಟಾರು ಅಂತ.”

ಎರಡು ದಿನ ಅವರು ನನ್ನ ಮುಖ ನೋಡದೆ ಇದ್ದದ್ದು ಯಾಕೆಂದು ಆಗ ತಿಳಿಯಿತು.

“ಆ ಮಗಳು ಈಗ ಎಲ್ಲಿದಾರೆ ಅಪ್ಪ?”

“ಯಳಂದೂರಲ್ಲೇ. ಸುವರ್ಣಮ್ಮ ಅಂತ. ಅಲ್ಲಿಗೆ ಓದಾಗೆಲ್ಲ ಆ ಬೀದಿ ಬುಟ್ಟು ಸುತ್ಕಂಡು ಓಯ್ತೀನಿ.”

ಶಾಂತಮೂರ್ತಿ ತಟ್ಟೆಯನ್ನು ಮತ್ತೆ ಎತ್ತಿಕೊಂಡ. “ಎಲೆ ಇನ್ನೂ ಅಸೀಯಾಗೇ ಅದೆ ತಾತ,” ಎಂದ.

ಹತ್ತೂವರೆಯ ಬಸ್ಸಿಗೆ ನಾಲ್ಕು ಜನವೂ ಹೊರಟೆವು. ಎಲೆಯನ್ನು ಅವ್ವ ಒದ್ದೆ ಬಟ್ಟೆಯಲ್ಲಿ ಸುತ್ತಿದಳು. ನಾನೂ ಅವಳೂ ಆಧಾರ್ ತೋರಿಸಿ ಕೂತೆವು. ಅಪ್ಪ ನಮ್ಮ ಹಿಂದಿನ ಸೀಟಿಗೆ ಬಂದಾಗ ಅವ್ವ ತಿರುಗಿ ನೋಡಿ, ಸೆರಗನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. “ನಂದು ಬರೀ ಸಾದಾ ಕಾಟನ್ನು. ಇದ್ರಲ್ಲಿ ಏನೂ ಸಿಕ್ಕಲ್ಲ, ಮುಂದ್ಕೆ ನೋಡಿ.” ಅಪ್ಪ ಕಿಟಕಿಯ ಕಡೆ ತಿರುಗಿಕೊಂಡರು. ಆದರೆ ನಕ್ಕದ್ದು ಗಾಜಿನಲ್ಲಿ ಕಂಡಿತು.

ಸುವರ್ಣಮ್ಮ ಪಡಸಾಲೆಯಲ್ಲಿ ಕೂತು ನೆನೆಹಾಕಿದ ಅವರೆಕಾಳು ಹಿದುಕುತ್ತಿದ್ದರು. ಅರವತ್ತೈದು ದಾಟಿದ, ದಪ್ಪ ಕನ್ನಡಕದ ಹೆಂಗಸು. ನಾಲ್ಕು ಜನ ಒಟ್ಟಿಗೆ ಬಂದದ್ದನ್ನು ನೋಡಿ ಯಾರದೋ ಮದುವೆಗೆ ಕರೆಯಲು ಬಂದವರೆಂದುಕೊಂಡು ಚಾಪೆ ಹಾಸಿದರು. ಅಪ್ಪ ಚಾಪೆಯ ಮೇಲೆ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದರು, ಬಸ್ಸು, ಸೆರಗು, ಬೀಡಿಕಟ್ಟಿನ ಕಾಗದ.

ಸುವರ್ಣಮ್ಮ ಕನ್ನಡಕ ಸರಿಮಾಡಿಕೊಂಡರು. “ಬೂದಿ ಬಣ್ಣದ ಶರಟು. ಕಿವಿ ಸಂದೀಲಿ ಪೆನ್ಸಿಲ್ಲು. ನೀವೇನಾ ಅವ್ರು!”

“ನಾನೇ ತಾಯಿ.”

“ಯಾರೋ ಇಂದ್ಲಿಂದ ನನ್ನೇ ದುರುಗುಟ್ಕಂಡು ನೋಡ್ತಾವ್ನೆ ಅಂತ ಸೆರಗು ಎಳ್ಕಂಡು ಮಾಂಬಳ್ಳೀಲೇ ಇಳ್ದ್ಬುಟ್ಟೆ. ಇನ್ನೊಂದು ಬಸ್ಸಿಗೆ ಎರಡು ಗಂಟೆ ಬಿಸಿಲಲ್ಲಿ ನಿಂತಿದ್ದೆ. ಮನೇಲಿ ಏಳ್ದ್ರೆ ನಮ್ಮತ್ತೆ, ಇನ್ಮೇಲೆ ಆ ಸೀರೆ ಉಟ್ಕಂಡು ಆಚೆ ಓಗ್ಬ್ಯಾಡ ಅಂದ್ಬುಟ್ರು.” ಕೈಯಲ್ಲಿದ್ದ ಅವರೆಕಾಳನ್ನು ಪಾತ್ರೆಗೆ ಹಾಕಿದರು. “ನಮ್ಮಪ್ಪ ನನ್ ಮದ್ವೇಗೆ ಅಂತ ನಾಕು ತಿಂಗ್ಳು ಕುಂತು ನೇದ ಸೀರೆ. ಆಚೆ ಉಟ್ಟದ್ದು ಅದೊಂದೇ ಸತಿ.”

ಬಸ್ಸಿನಲ್ಲಿ ತಮಾಷೆ ಮಾಡಿಕೊಂಡು ಬಂದ ಅವ್ವ ತಲೆ ತಗ್ಗಿಸಿದಳು. ಡಿಸೈನು ಹೋಯಿತು ಎಂದು ವಾರವೆಲ್ಲ ಹೆದರಿದವಳು ನಾನು. ಇಲ್ಲಿ ಒಬ್ಬರ ಸೀರೆಯೇ ನಲವತ್ತು ವರ್ಷ ಬೀರುವಿನೊಳಗೆ ಉಳಿದಿತ್ತು.

“ನಾನು ಉಲಿ ನೋಡ್ತಿದ್ದೆ ತಾಯಿ,” ಎಂದರು ಅಪ್ಪ, ಕೇಳಿಸದ ಹಾಗೆ.

“ನಂಗೆಂಗೆ ಗೊತ್ತಾಗ್ಬೇಕು? ಬೆನ್ನಲ್ಲಿ ಕಣ್ಣಿತ್ತಾ ನಂಗೆ? ತಾಯಿ, ಈ ಉಲಿ ಯಾರು ನೇದ್ರು ಅಂತ ಒಂದು ಮಾತು ಕೇಳಿದ್ರೆ ನಾನೇ ನಮ್ಮಪ್ಪನತ್ರ ಕರ್ಕಂಡು ಬತ್ತಿದ್ದೆ. ಕೇಳ್ದೋರ್ಗೆ ಇಲ್ಲ ಅಂದೋರಲ್ಲ ಅವ್ರು.”

“ಈಗ ಕೇಳ್ತಾ ಇವ್ನಿ,” ಎಂದು ಅಪ್ಪ ತಟ್ಟೆಯನ್ನು ಮುಂದೆ ಹಿಡಿದರು.

ಸುವರ್ಣಮ್ಮ ಎಲೆ ಮುಟ್ಟಲಿಲ್ಲ. ಎದ್ದು ಒಳಗೆ ಹೋದರು. ನಾನು ಶಾಂತಮೂರ್ತಿಯ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಬೀರು ತೆಗೆದ ಸದ್ದು ಕೇಳಿತು. ಬಿಳಿ ಪಂಚೆಯಲ್ಲಿ ಸುತ್ತಿದ ಸೀರೆಯನ್ನು ತಂದು ಚಾಪೆಯ ಮೇಲೆ ಇಟ್ಟರು. ಜರಿ ಮುರಿಯದ ಹಾಗೆ ವರ್ಷಕ್ಕೊಮ್ಮೆ ಮಡಿಕೆ ಬದಲಿಸುತ್ತ ಬಂದದ್ದು ಗೆರೆಗಳಲ್ಲಿ ಕಾಣುತ್ತಿತ್ತು. ಕುಂಕುಮದ ಬಣ್ಣ. ಸೆರಗು ಬಿಡಿಸಿದಾಗ ಹುಲಿ ಕಂಡಿತು. ಅದೇ ತಲೆ, ಅದೇ ಪಟ್ಟೆ, ಅದೇ ಗಂಟೆ, ಬರಿಯ ಬೆನ್ನು.

ಅಪ್ಪ ಮೊಣಕಾಲೂರಿ ಕೂತರು. “ಕಡೇ ಮಡಿಕೆ,” ಎಂದರು. “ಅದ ಬಿಡಿಸ್ತೀರಾ?”

ಸುವರ್ಣಮ್ಮ ಬಿಡಿಸಿದರು.

ಬಾಲ ಮೇಲಕ್ಕೆದ್ದು, ಬಾಗಿ, ಸೆರಗಿನ ಅಂಚು ಮುಟ್ಟುವಲ್ಲಿ ಚಿಗುರೊಡೆದಿತ್ತು. ಅಲ್ಲಿಂದ ಅದು ಬಳ್ಳಿ. ಅಂಚಿನುದ್ದಕ್ಕೂ ಹಬ್ಬಿ, ಎಲೆ ಬಿಟ್ಟು, ಮೊಗ್ಗು ಬಿಟ್ಟು, ಸೆರಗಿನ ಆ ತುದಿಯನ್ನು ಸುತ್ತಿಕೊಂಡು ಹುಲಿಯ ಮುಂದೆಯೇ ಬಂದು ಹೂವಾಗಿತ್ತು. ಹುಲಿ ನೋಡುತ್ತಿದ್ದದ್ದು ತನ್ನದೇ ಬಾಲದ ಹೂವನ್ನು.

ಅಪ್ಪ ಬೆರಳನ್ನು ಬಟ್ಟೆಗೆ ತಾಗಿಸದೆ ಆ ಬಳ್ಳಿಯ ಮೇಲೆಯೇ ಗಾಳಿಯಲ್ಲಿ ಪೂರ್ತಿ ಒಂದು ಸುತ್ತು ಬಂದರು. ಆಮೇಲೆ ಜೋರಾಗಿ ನಕ್ಕರು. ಕಣ್ಣಲ್ಲಿ ನೀರು ಬಂತು.

“ಅಯ್ಯೋ ಶಿವ್ನೇ! ಬೆಕ್ಕಿನ ಬಾಲ ಇಟ್ಕಂಡು ನಲವತ್ತು ವರ್ಷ ಮೆರದ್ನಲ್ಲಾ!”

“ಎಲ್ಲಿ, ನಿಮ್ಮ ಬಾಲ ತೋರ್ಸಿ,” ಎಂದರು ಸುವರ್ಣಮ್ಮ. ಶಾಂತಮೂರ್ತಿ ಫೋನು ಕೊಟ್ಟ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. “ಇದೂ ಚೆನ್ನಾಗೇ ಅದೆ. ಉಣ್ಣೋದಾಗಿ ಮಲ್ಗಕೆ ಓಗೋ ಉಲಿ. ನಮ್ಮಪ್ಪ ನೋಡಿದ್ರೆ ನಗ್ತಿದ್ರು.” ಪ್ರಮಾಣಪತ್ರವನ್ನೂ ಓದಿದರು. “ನೂರೊಂದು ಮಾಲೀಕ್ರು. ಇದ್ರಲ್ಲಿ ನಮ್ಮಪ್ಪ ಎಲ್ಲವ್ರೆ?”

ಶಾಂತಮೂರ್ತಿ ಅಲ್ಲೇ ಕೂತು ಫೋನಿನಲ್ಲಿ ಬರೆದ. ಏನು ಬರೆಯಬೇಕೆಂದು ನನ್ನನ್ನು ಕೇಳಿದ. ನಾನು ಒಂದೊಂದು ಪದವನ್ನೂ ನೋಡಿ ಹೇಳಿದೆ. ಅಪ್ಪ ನಡುವೆ ಬಾಯಿ ಹಾಕಿದರು: “ನಂದು ಬಾಲ ಮಾತ್ರ ಅಂತ ಹಾಕು. ‘ಮಾತ್ರ’ ಬುಡ್ಬ್ಯಾಡ.” ಮುಗಿದ ಮೇಲೆ ಶಾಂತಮೂರ್ತಿ ಗಟ್ಟಿಯಾಗಿ ಓದಿದ.

“ಹುಲಿ: ಪುಟ್ಟಮಾದಯ್ಯ, ಯಳಂದೂರು. ಬಾಲ ಮಾತ್ರ: ಮುದ್ದಯ್ಯ, ಕೊಳ್ಳೇಗಾಲ. ಕುಳಿತ ಮಾದಪ್ಪ: ಶಾಂತಮೂರ್ತಿ, ಹನೂರು.” ಓದಿ ಮುಗಿಸಿ ಸುವರ್ಣಮ್ಮನ ಕಡೆ ನೋಡಿದ. “ನೂರೊಂದು ಜನ್ರಿಗೂ ಇದ ಕಳುಸ್ತೀನಿ ಅಮ್ಮಾ. ಆದ್ರೆ ಅಳೇದೂ ಓಡಾಡ್ತಾನೇ ಇರ್ತದೆ. ಅದ ಇಡ್ಕಂಡು ಬರಕೆ ನನ್ ಕೈಲಾಗಲ್ಲ. ಸುಳ್ಳು ಏಳಲ್ಲ.”

“ಓಡಾಡ್ಲಿ ಬುಡಪ್ಪಾ. ಉಲಿ ಅಲ್ವಾ,” ಎಂದರು ಸುವರ್ಣಮ್ಮ. ಅವರೆಕಾಳಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಎರಡೂ ಕೈ ನೀಡಿ ಎಲೆ ತೆಗೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ಬಾಲದ್ದು ಫೋಟೋ ತಕ್ಕಳವ್ವ. ನಿಮ್ಮಪ್ಪನ ಟ್ರಂಕಲ್ಲಿ ಇದೂ ಇರ್ಲಿ.”

ಫೋನು ಕೈಯಲ್ಲೇ ಇತ್ತು. ಎತ್ತಲು ಹೆದರಿಕೆ. “ಯಾವ ಸೈಟಿಗೂ ಹಾಕಲ್ಲ ಅಮ್ಮ. ಹಾಕಬೇಕಾದರೆ ಬಂದು ಕೇಳ್ತೀನಿ,” ಎಂದೆ.

“ಬಾ. ಅವರೆಕಾಳು ಕಾಲ್ದಲ್ಲೇ ಬಾ.”

ಹೊರಡುವಾಗ ಬಸ್‌ಸ್ಟ್ಯಾಂಡಿನವರೆಗೆ ತಾವೂ ಬರುತ್ತೇನೆಂದು ಒಳಗೆ ಹೋದರು. ಬರುವಾಗ ಆ ಸೀರೆ ಉಟ್ಟಿದ್ದರು. ಬೀದಿಯಲ್ಲಿ ಅವರು ಮುಂದೆ ನಡೆದರು, ಹುಲಿ ಅವರ ಬೆನ್ನ ಮೇಲೆ ನಡೆಯಿತು, ಬಾಲ ಪೂರ್ತಿ ಬಿಚ್ಚಿಕೊಂಡು. ಅಂಗಡಿಯ ಜನ ತಿರುಗಿ ನೋಡಿದರು. ಸುವರ್ಣಮ್ಮ ಸೆರಗು ಎಳೆದುಕೊಳ್ಳಲಿಲ್ಲ. ಅಪ್ಪ ಮಾತ್ರ ತಲೆಯೆತ್ತದೆ, ಎಲ್ಲರಿಗಿಂತ ಹಿಂದೆ ಬಂದರು. “ಈಗ ನೋಡ್ಬೌದು,” ಎಂದಳು ಅವ್ವ. “ಕೇಳಾಯ್ತಲ್ಲ.”

ವಾಪಸು ಬಸ್ಸಿನಲ್ಲಿ ಅಪ್ಪ ಮೊದಲು ಶಾಂತಮೂರ್ತಿಯ ಪಕ್ಕ ಕೂತು, ಅವನ ಫೋನಿನ ಮೇಲೆ ಬೆರಳಿನಿಂದ ಗೆರೆ ಎಳೆದು ಹುಲಿಯ ಬೆನ್ನು ತಗ್ಗಿಸಿ ತೋರಿಸಿದರು. ಮಾಂಬಳ್ಳಿ ದಾಟಿದ ಮೇಲೆ ನನ್ನ ಪಕ್ಕ ಬಂದರು. ಟವೆಲ್ಲಿನ ಗಂಟು ಬಿಚ್ಚಿ ಬೀಗದಕೈಯನ್ನು ನನ್ನ ಅಂಗೈಯಲ್ಲಿಟ್ಟರು. ಬೆಚ್ಚಗಿತ್ತು.

“ಮೂವತ್ತೊಂದ್ರಲ್ಲಿ ನನ್ನ ಸ್ವಂತದ್ದು ಒಂಬತ್ತು,” ಎಂದರು. “ಎಲೆ ಕೊಟ್ಟು ತಂದದ್ದು ಹದಿಮೂರು. ಯಾರ ಮನೇದು ಅಂತ ಇಂದ್ಗಡೆ ಬರ್ದಿವ್ನಿ. ಅವೆಲ್ಲಾ ನೀನು ಮಾಡ್ಕ.”

ನಾನು ಕೂಡಿ ನೋಡಿದೆ. “ಇನ್ನೂ ಒಂಬತ್ತು ಉಳೀತು ಅಪ್ಪ.”

“ಎಂಟು. ಉಲಿ ಇವತ್ತು ಮುಗೀತಲ್ಲ.” ಕಿಟಕಿಯಾಚೆ ನೋಡಿದರು. “ಮಾರ್ಟಳ್ಳಿದು ಒಂದು ಅಂಸ ಅದೆ. ಪಾಲಾರ್ ಕಡೆಯೋರ್ದು ಒಂದು ಜೋಡಿ ನವ್ಲು. ಒಂದು ಮದ್ವೆ ಛತ್ರದ್ದು. ಒಂದು ಸಿನಿಮಾ ಟೆಂಟಿಂದು…”

“ಸಿನಿಮಾ ಟೆಂಟಲ್ಲಿ ಯಾರ ಸೆರಗು?” ಎಂದಳು ಮುಂದಿನ ಸೀಟಿನಿಂದ ಅವ್ವ, ತಿರುಗದೆ.

ಅಪ್ಪ ಕಣ್ಣು ಮುಚ್ಚಿ ನಿದ್ದೆ ಬಂದವರ ಹಾಗೆ ಕೂತರು. ನಾನು ಫೋನು ತೆಗೆದು ಹೇಳಿದ ನಾಲ್ಕನ್ನೂ ಒಂದರ ಕೆಳಗೊಂದು ಬರೆದು, ಉಳಿದ ನಾಲ್ಕಕ್ಕೆ ಜಾಗ ಬಿಟ್ಟೆ. ಮುಂದಿನ ಸೀಟಿನಿಂದ ಶಾಂತಮೂರ್ತಿ ಹಿಂದಕ್ಕೆ ತಿರುಗಿ, “ಮಾರ್ಟಳ್ಳಿ ನಮ್ಮ ಕಡೆಯೇ ಅಕ್ಕ. ಅನೂರಿಂದ ನಾನು ಕರ್ಕಂಡು ಓಯ್ತೀನಿ. ಯಾವತ್ತು ಬತ್ತೀರಿ?” ಎಂದು ಕೇಳಿದ.

“ಭಾನುವಾರ,” ಎಂದರು ಅಪ್ಪ, ಕಣ್ಣು ತೆರೆಯದೆ. “ಎಲೆ ಇಲ್ಲೇ ಕೊಳ್ಳೇಗಾಲದಲ್ಲಿ ತಕಂಡು ಓಗುವ. ನೀನು ತಂದದ್ದು ಬಲಿತೋಗಿತ್ತು.”